ಒಂದೇ ಬಸ್ತಿ, ಎರಡು ವರ್ಷ

ಕಾಲೇಜಿನ ಮಕ್ಕಳು ಸಮಾಜ ಸೇವೆ ಮಾಡಬೇಕೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ನನ್ನ ತಕರಾರು ಅದನ್ನು ನಾವು ಮಾಡಿಸುವ ರೀತಿಯ ಬಗ್ಗೆ. ಈ ವಾರ ಜುಹೂ ಕಡಲತೀರದಲ್ಲಿ ಕಸ ಹೆಕ್ಕಿಸುತ್ತೇವೆ, ಮುಂದಿನ ವಾರ ರಕ್ತದಾನ, ಆಮೇಲೆ ಸಸಿ ನೆಡುವುದು, ನಡುವೆ ಒಂದು ಬೀದಿನಾಟಕ. ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ "ಹೋದ ವಾರ ಏಕೆ ಬರಲಿಲ್ಲ?" ಎಂದು ಆ ಮಕ್ಕಳನ್ನು ಕೇಳುವವರು ಅಲ್ಲೆಲ್ಲೂ ಇರುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಜಾಗದಲ್ಲಿ ಮಾತ್ರ ನಾಯಕತ್ವ ಬೆಳೆಯುತ್ತದೆ ಎಂದು ಮುಂಬಯಿಯ ಉಪನಗರದ ಕಾಲೇಜೊಂದರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಘಟಕ ನೋಡಿಕೊಳ್ಳುವ ನಾನು ನಂಬಿದ್ದೇನೆ.

ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು ಗಾಂಧಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಹಳ್ಳಿಯನ್ನೋ ನಗರದ ಬಡವರು ನೆಲೆಸಿರುವ ಬಸ್ತಿಯನ್ನೋ ದತ್ತು ಪಡೆಯುವ ಕಲ್ಪನೆಯೂ ಯೋಜನೆಯಲ್ಲೇ ಇದೆ. ಆ ಗಂಟೆಗಳನ್ನು ಹತ್ತು ಕಡೆ ಚೆಲ್ಲಿದರೆ ಫೋಟೊ, ಪ್ರಮಾಣಪತ್ರ, ಕೃಪಾಂಕ ಉಳಿಯುತ್ತವೆ.

ನಮ್ಮ ಘಟಕದಲ್ಲಿ ಬಿ.ಕಾಂ. ಓದುವ ಹುಡುಗಿಯೊಬ್ಬಳಿದ್ದಳು. ಕುಂದಾಪುರದ ಕಡೆಯವಳು, ತಂದೆ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ತರಗತಿಯಲ್ಲಿ ಅವಳ ದನಿ ಕೇಳುತ್ತಿದ್ದುದು ಹಾಜರಿ ಕೂಗಿದಾಗ ಮಾತ್ರ. ಘಟಕ ಆಯ್ದುಕೊಂಡ ಬಸ್ತಿಯಲ್ಲಿ ಯಾದಗಿರಿ, ಕಲಬುರಗಿಯಿಂದ ಬಂದ ಕಟ್ಟಡ ಕಾರ್ಮಿಕರ ಮನೆಗಳು ಬಹಳ ಇದ್ದವು. ಕನ್ನಡ ಬಲ್ಲವಳು ಅವಳೊಬ್ಬಳೇ. "ಊರಿನ ರೇಷನ್ ಕಾರ್ಡು ಇಲ್ಲಿ ನಡೆಯುತ್ತದೇನವ್ವಾ?" ಎಂದು ಒಬ್ಬ ಹೆಂಗಸು ಕೇಳಿದಳು. ನಮ್ಮ ಹುಡುಗಿಗೆ ಗೊತ್ತಿರಲಿಲ್ಲ. ಹೋಗಿ ತಿಳಿದುಕೊಂಡಳು: 2020ರ ಜನವರಿ 1ರಿಂದ ಕರ್ನಾಟಕ, ಮಹಾರಾಷ್ಟ್ರ ಎರಡೂ ಒಂದೇ ಪಡಿತರ ವ್ಯವಸ್ಥೆಯೊಳಗಿವೆ, ಹೆಬ್ಬೆರಳು ಒತ್ತಿ ಇಲ್ಲಿಯೇ ಧಾನ್ಯ ಪಡೆಯಬಹುದು, ಊರಿನಲ್ಲಿ ಉಳಿದ ಮುದುಕರು ತಮ್ಮ ಪಾಲನ್ನು ಅಲ್ಲಿಯೇ ತೆಗೆದುಕೊಳ್ಳಬಹುದು. ಅಂಗಡಿಯವನು ಹೊರರಾಜ್ಯದ ಕಾರ್ಡ್ ಬೇಡವೆಂದ. ಅವಳು ರೇಷನಿಂಗ್ ಕಚೇರಿಗೆ ಹೋಗಿ, ತಡವರಿಸುತ್ತಲೇ, ಮರಾಠಿಯಲ್ಲಿ ಅಧಿಕಾರಿಯೊಂದಿಗೆ ಮಾತನಾಡಿ ಬಂದಳು. ಅಕ್ಕಿ ಸಿಕ್ಕಿತು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಇದಕ್ಕಿಂತ ಕಷ್ಟದ್ದು. 18ರಿಂದ 60 ವರ್ಷದೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ಸಾಕು. ಆದರೆ ದುಡಿದದ್ದಕ್ಕೆ ದಾಖಲೆ ಬೇಕು. ಕೂಲಿ ಹುಡುಕಿ ಜನ ಸೇರುವ ನಾಕಾದಲ್ಲಿ, ಅಂದರೆ ರಸ್ತೆಯ ಕೂಡಿನಲ್ಲಿ, ನಿಂತು ದಿನಕ್ಕೊಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೆ ಆ ಕಾಗದಕ್ಕೆ ಸಹಿ ಹಾಕುವವರು ಯಾರು? ಇಂಥ ಗೋಡೆಗಳು ಒಂದು ದಿನದ ಶಿಬಿರಕ್ಕೆ ಕಾಣಿಸುವುದೇ ಇಲ್ಲ. ಅವಳು ಒಂದು ನೋಟುಪುಸ್ತಕ ತಂದು ಯಾರು, ಯಾವ ಸೈಟು, ಯಾವ ಗುತ್ತಿಗೆದಾರ, ಎಷ್ಟು ಕೂಲಿ ಎಂದು ಬರೆಯತೊಡಗಿದಳು. ಪರೀಕ್ಷೆ ಬಂದಾಗ ಕಿರಿಯರಿಬ್ಬರಿಗೆ ಕಲಿಸಿದಳು. ಬಳಿಕ ಬಸ್ತಿಯ ಶಾಲೆ ಓದಿದ ಹುಡುಗಿಯರೇ ಅದನ್ನು ಬರೆಯುವಂತೆ ಮಾಡಿದಳು. ಆ ಪುಸ್ತಕ ಮುಂದಿಟ್ಟುಕೊಂಡು ಹೆಂಗಸರು ಒಟ್ಟಾಗಿ ಹೋಗಿ ಕೇಳಿದಾಗ ಕೆಲವು ಗುತ್ತಿಗೆದಾರರು ಸಹಿ ಹಾಕಿದರು, ಕೆಲವರು ಇಂದಿಗೂ ಹಾಕಿಲ್ಲ.

ಆ ವರ್ಷ ಗಣ್ಯರೊಬ್ಬರಿಂದ ಬಸ್ತಿಯಲ್ಲಿ ಬಿಸ್ಕತ್ತು ಹಂಚಿಸುವ ಯೋಚನೆ ಕಾಲೇಜಿನಲ್ಲಿ ಬಂದಿತ್ತು. ಸಭೆಯಲ್ಲಿ ಅವಳು ಎದ್ದು ನಿಂತು, "ಅವರು ಬಿಸ್ಕತ್ತು ಕೇಳಿಲ್ಲ ಸರ್. ಅರ್ಜಿ ತುಂಬಲು ಗೊತ್ತಿರುವ ಒಬ್ಬರನ್ನು ಕಳುಹಿಸಿ" ಎಂದಳು. ನನಗೆ ಎದೆ ತುಂಬಿ ಬಂತು. ವ್ಯಕ್ತಿತ್ವ ವಿಕಸನದ ಎಷ್ಟು ಉಪನ್ಯಾಸ ಕೊಡಿಸಿದ್ದರೂ ಆ ಎರಡು ವಾಕ್ಯ ಅವಳ ಬಾಯಿಂದ ಬರುತ್ತಿರಲಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಊರು ಈ ಮುಂಬಯಿ. ಆ ಶಾಲೆಗಳನ್ನು ನಡೆಸಿದ್ದು ಇಲ್ಲಿನ ನಮ್ಮ ಕನ್ನಡ ಸಂಘಗಳೇ. ಹಾಗಾಗಿ ಸಂಘಗಳ ಹಿರಿಯರಲ್ಲಿ ನನ್ನ ಕೇಳಿಕೆ ಇಷ್ಟು: ವಾರಕ್ಕೊಂದು ಸಂಜೆ ನಿಮ್ಮ ಸಭಾಗೃಹದ ಒಂದು ಕೋಣೆಯನ್ನು ಈ ಮಕ್ಕಳಿಗೆ ತೆರೆದಿಡಿ. ಬ್ಯಾಂಕು, ಪಾಲಿಕೆ, ನ್ಯಾಯಾಲಯಗಳಲ್ಲಿ ದುಡಿದು ನಿವೃತ್ತರಾದವರು ನಿಮ್ಮಲ್ಲಿ ಬಹಳ ಮಂದಿ ಇದ್ದಾರೆ, ಅವರು ಬಂದು ಕುಳಿತರೆ ಸಾಕು. ಅರ್ಜಿ ಹಿಡಿದು ಬರುವವರನ್ನು ಕರೆತರುವ ಹೊಣೆ ವಿದ್ಯಾರ್ಥಿಗಳದ್ದು. ಪಾಲಕರೇ, ಹೆಣ್ಣುಮಕ್ಕಳನ್ನು ಬಸ್ತಿಗೆ ಕಳುಹಿಸಲು ನಿಮಗಿರುವ ಅಂಜಿಕೆ ನನಗೆ ಅರ್ಥವಾಗುತ್ತದೆ. ಗುಂಪಾಗಿ ಕರೆದೊಯ್ದು ಕತ್ತಲಾಗುವ ಮೊದಲು ಮನೆ ತಲುಪಿಸುವುದು ನಮ್ಮ ಕರ್ತವ್ಯ. ಸಂಶಯವಿದ್ದರೆ ಒಂದು ಶನಿವಾರ ನೀವೂ ಜೊತೆಗೆ ಬನ್ನಿ.