ಪುಸ್ತಕದಲ್ಲಿರೋ ರಜೆ

ಹನ್ನೊಂದು ವರ್ಷ ನಾನು ರಜೆ ರಿಜಿಸ್ಟರ್ ಬರೆದಿದ್ದೇನೆ. ಕಂಪನಿ ಹೆಸರು ಬೇಡ, ಈಗ ಅಲ್ಲಿಲ್ಲ. ಉದ್ದನೆಯ ಪುಸ್ತಕ, ಹಸಿರು ರಟ್ಟು. ಒಬ್ಬೊಬ್ಬರಿಗೆ ಒಂದೊಂದು ಪುಟ. ಗಳಿಸಿದ್ದು, ಬಳಸಿದ್ದು, ಬಾಕಿ ಅಂತ ಮೂರು ಕಾಲಂ. ಆಮೇಲೆ ಎಲ್ಲ ಕಂಪ್ಯೂಟರ್‌ಗೆ ಹೋಯಿತು, ಕಾಲಂ ಮಾತ್ರ ಅವೇ ಉಳಿದವು. ವರ್ಷದ ಕೊನೆಗೆ ನನಗೊಂದು ಕೆಲಸ ಇರುತ್ತಿತ್ತು. ಮಿತಿ ದಾಟಿದ ಬಾಕಿಯ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ಲ್ಯಾಪ್ಸ್' ಅಂತ ಬರೆಯುವುದು.

ಒಂದು ವರ್ಷ ಒಬ್ಬರ ಪುಟದಲ್ಲಿ 14 ದಿನಕ್ಕೆ ಗೆರೆ ಎಳೆದೆ. ಲೇತ್ ಮೇಲೆ ಕೆಲಸ ಮಾಡುತ್ತಿದ್ದವರು. ಆ ವರ್ಷ ಮೂರು ಸಲ ಅರ್ಜಿ ಕೊಟ್ಟಿದ್ದರು. ಮೂರೂ ಸಲ ಮೇಲಿನವರು 'ಆಮೇಲೆ ನೋಡೋಣ' ಅಂತ ಬರೆದು ವಾಪಸ್ ಕಳಿಸಿದ್ದರು. ಅದೂ ಪೆನ್ಸಿಲಿನಲ್ಲಿ. ಯಾರಾದರೂ ತಪಾಸಣೆಗೆ ಬಂದರೆ ಅಳಿಸಬಹುದಲ್ಲ! ಜನವರಿಯಲ್ಲಿ ಅವರು ಬಂದು "ಸರ್, ನನ್ನ ರಜೆ ಎಲ್ಲೋಯ್ತು?" ಅಂತ ಕೇಳಿದರು. "ನೀವು ತಗೊಳ್ಳಲಿಲ್ಲ, ಹೋಯ್ತು" ಅಂದೆ. ಆ ಮಾತು ನನ್ನ ಬಾಯಿಂದಲೇ ಬಂದಿದ್ದು. ಇವತ್ತಿಗೂ ನೆನಪಾದರೆ ಮುಜುಗರ ಆಗುತ್ತದೆ.

ನಮ್ಮ ರಜೆ ಕಾನೂನನ್ನು ಅಂತಾರಾಷ್ಟ್ರೀಯ ಮಟ್ಟಕ್ಕೆ ತರಬೇಕು ಅಂತ ಯಾರಾದರೂ ಹೇಳಿದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಎಷ್ಟು ದಿನ? ಆ ದೇಶದಲ್ಲಿ 25, ಈ ದೇಶದಲ್ಲಿ 12, ಅಮೆರಿಕದ ಖಾಸಗಿ ಕೆಲಸಗಾರರಿಗೆ ರಾಷ್ಟ್ರಮಟ್ಟದ ಕಾನೂನಿನಲ್ಲಿ ಸೊನ್ನೆ. ಈ ಪಟ್ಟಿ ನೋಡಿ ಹೊಟ್ಟೆ ಉರಿಸಿಕೊಳ್ಳುವುದು ಸುಲಭ. ಆದರೆ ರಿಜಿಸ್ಟರ್ ಬರೆದವರಿಗೆ ಗೊತ್ತು, ರಜೆ ಸಾಯುವುದು ದಿನದ ಲೆಕ್ಕದಲ್ಲಲ್ಲ. ಅದರ ಹಿಂದಿನ ಸಣ್ಣ ಅಕ್ಷರದ ನಿಯಮಗಳಲ್ಲಿ.

ಅಳತೆಗೋಲು ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, 1936ರ ಜೂನ್‌ನಲ್ಲಿ ಜಿನೀವಾದಲ್ಲಿ ಸಂಬಳದ ರಜೆಯ ಬಗ್ಗೆ ಮೊದಲ ಒಡಂಬಡಿಕೆ ಮಾಡಿತು. ಅದರ ಸಂಖ್ಯೆ 52. ವರ್ಷ ಪೂರ್ತಿ ದುಡಿದವರಿಗೆ ಕನಿಷ್ಠ ಆರು ಕೆಲಸದ ದಿನ ಸಂಬಳದ ರಜೆ. ತಮಾಷೆ ನೋಡಿ, ಅದೇ ಜೂನ್ ತಿಂಗಳಲ್ಲಿ ಫ್ರಾನ್ಸಿನ ಕಾರ್ಮಿಕರು ದೊಡ್ಡ ಮುಷ್ಕರ ಮಾಡಿ ಎರಡು ವಾರ ಗಿಟ್ಟಿಸಿಕೊಂಡಿದ್ದರು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ಕಲಂನಲ್ಲೂ ಸಂಬಳದ ರಜೆ ಬಂತು. 1970ರಲ್ಲಿ ಐಎಲ್‌ಒ ಹಳೆಯದನ್ನು ತಿದ್ದಿ 132ನೇ ಒಡಂಬಡಿಕೆ ತಂದಿತು. ವರ್ಷಕ್ಕೆ ಕನಿಷ್ಠ ಮೂರು ಕೆಲಸದ ವಾರ. ವಾರಕ್ಕೆ ಐದು ದಿನ ಕೆಲಸ ಇದ್ದರೆ 15 ದಿನ, ಆರು ದಿನ ಇದ್ದರೆ 18. ಅರ್ಧ ಶತಮಾನ ಆದರೂ ಇದಕ್ಕೆ ಸಹಿ ಹಾಕಿ ಒಪ್ಪಿಕೊಂಡ ದೇಶಗಳು ನಲವತ್ತೂ ದಾಟಿಲ್ಲ.

ಇದರ ಕಲಂಗಳನ್ನು ನಾನು ಮೊದಲ ಸಲ ಓದಿದ್ದು ಕೆಲಸ ಬಿಟ್ಟ ಮೇಲೆ. ಓದುತ್ತಾ ಹೋದರೆ ನಮ್ಮ ಆಫೀಸಿನ ಒಂದೊಂದೇ ಕಿತಾಪತಿಗೆ ಒಂದೊಂದು ಕಲಂ ಎದುರಾಗುತ್ತಿತ್ತು. ಬರೆದವರು ಎಲ್ಲೋ ನಮ್ಮಂಥ ಕಡೆಯೇ ಕೂತು ಬರೆದಿರಬೇಕು ಅನ್ನಿಸಿತು!

ಮೊದಲನೆಯದು ಬ್ರೇಕ್. ಕಾಂಟ್ರ್ಯಾಕ್ಟ್ ಕೆಲಸಗಾರರನ್ನು ಹನ್ನೊಂದನೇ ತಿಂಗಳಿಗೆ ಬಿಡಿಸಿ, ವಾರ ಬಿಟ್ಟು ಮತ್ತೆ ಹೊಸದಾಗಿ ಸೇರಿಸಿಕೊಳ್ಳುವುದು. ಪುಸ್ತಕದಲ್ಲಿ ಹೊಸ ಪುಟ, ರಜೆ ಸೊನ್ನೆಯಿಂದ ಶುರು. ಎಂಟು ವರ್ಷದಿಂದ ಅದೇ ಮೆಷಿನ್ ಮುಂದೆ ನಿಂತವರ ಪುಟದಲ್ಲಿ ಒಂದು ದಿನವೂ ಇರುತ್ತಿರಲಿಲ್ಲ. 132 ಏನು ಹೇಳುತ್ತದೆ? ರಜೆಗೆ ಅರ್ಹರಾಗಲು ಇಷ್ಟು ಕಾಲ ದುಡಿದಿರಬೇಕು ಅನ್ನಬಹುದು, ಆದರೆ ಅದು ಆರು ತಿಂಗಳು ಮೀರಬಾರದು. ವರ್ಷ ತುಂಬದಿದ್ದರೆ ದುಡಿದಷ್ಟಕ್ಕೆ ತಕ್ಕ ಪಾಲು ಕೊಡಬೇಕು. ಮಧ್ಯದಲ್ಲಿ ಬಿಟ್ಟು ಹೋದರೂ ಆ ಪಾಲಿನ ರಜೆ ಅಥವಾ ದುಡ್ಡು ಸಿಗಬೇಕು.

ಇದು ಬರೀ ಬಡ ದೇಶಗಳ ಆಟ ಅಂದುಕೊಳ್ಳಬೇಡಿ. ಬ್ರಿಟನ್ 1998ರಲ್ಲಿ ಯುರೋಪಿನ ನಿಯಮವನ್ನು ತನ್ನ ಕಾನೂನಿಗೆ ಇಳಿಸಿಕೊಳ್ಳುವಾಗ ಒಂದು ಸಾಲು ಸೇರಿಸಿತು. ಒಂದೇ ಮಾಲೀಕರ ಬಳಿ ಸತತ 13 ವಾರ ಕೆಲಸ ಮಾಡಿದರೆ ಮಾತ್ರ ರಜೆಯ ಹಕ್ಕು. ಸಿನಿಮಾ, ಟೀವಿ ತಂತ್ರಜ್ಞರು ಒಂದು ಶೂಟಿಂಗ್‌ನಿಂದ ಇನ್ನೊಂದಕ್ಕೆ ಹೋಗುವವರು. ವರ್ಷವಿಡೀ ದುಡಿದರೂ ಯಾರ ಬಳಿಯೂ 13 ವಾರ ಆಗುತ್ತಿರಲಿಲ್ಲ. ಅವರ ಸಂಘ ಬೆಕ್ಟು ಕೋರ್ಟಿಗೆ ಹೋಯಿತು. 2001ರಲ್ಲಿ ಯುರೋಪಿನ ನ್ಯಾಯಾಲಯ ಆ ಸಾಲು ನಡೆಯುವುದಿಲ್ಲ ಅಂದಿತು. ಒಂದೇ ಒಂದು ಸಾಲು ನೋಡಿ, ಅಷ್ಟೂ ಜನರನ್ನು ಹೊರಗಿಟ್ಟಿತ್ತು.

ಅದೇ ಬ್ರಿಟನ್ನಿನಲ್ಲಿ ಇನ್ನೊಂದು ಕೈಚಳಕ ನಡೆಯುತ್ತಿತ್ತು. ನಾಲ್ಕು ವಾರದ ರಜೆಯಲ್ಲೇ ಎಂಟು ಸಾರ್ವತ್ರಿಕ ರಜಾದಿನಗಳನ್ನು ಮುರಿದುಕೊಳ್ಳುವುದು. ಕಾನೂನಿನ ಪ್ರಕಾರ ತಪ್ಪಿಲ್ಲ, ಕೈಗೆ ಸಿಗುವುದು 12 ದಿನ. ಕೊನೆಗೆ 2007 ಮತ್ತು 2009ರಲ್ಲಿ ಎರಡು ಹಂತದಲ್ಲಿ ಹೆಚ್ಚಿಸಿ 5.6 ವಾರ ಮಾಡಿದರು. ಸಾರ್ವತ್ರಿಕ ರಜೆಯನ್ನು ವಾರ್ಷಿಕ ರಜೆಯ ಕನಿಷ್ಠದಲ್ಲಿ ಎಣಿಸಬಾರದು ಅಂತ 132ನೇ ಒಡಂಬಡಿಕೆ 1970ರಲ್ಲೇ ಹೇಳಿತ್ತು.

ಇನ್ನು ಕಾಯಿಲೆ. ನಮ್ಮಲ್ಲೊಬ್ಬರು ಹತ್ತು ದಿನ ರಜೆ ಹಾಕಿ ಹೋಗಿ, ಎರಡನೇ ದಿನ ಜಾರಿ ಬಿದ್ದು ಕಾಲು ಮುರಿದುಕೊಂಡರು. ಉಳಿದ ಎಂಟು ದಿನ ಹಾಸಿಗೆಯಲ್ಲಿ. ಡಾಕ್ಟರ್ ಚೀಟಿ ತಂದು "ಇದನ್ನ ಸಿಕ್ ಲೀವ್‌ಗೆ ಹಾಕಿ" ಅಂದರೆ ಆಫೀಸು ಒಪ್ಪಲಿಲ್ಲ. ಮಂಜೂರಾದ ರಜೆ ಬದಲಾಯಿಸೋಕಾಗಲ್ಲ ಅನ್ನುವುದು ನಿಯಮ. ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದೇ ಅವರ ವರ್ಷದ ವಿಶ್ರಾಂತಿ. ಕಾಯಿಲೆಯಿಂದ ಕೆಲಸ ಮಾಡಲಾಗದ ದಿನಗಳನ್ನು ಈ ರಜೆಯಲ್ಲಿ ಕಳೆಯದೇ ಇರಲು 132ರಲ್ಲಿ ದಾರಿ ಇದೆ, ಷರತ್ತುಗಳನ್ನು ಮಾತ್ರ ಆಯಾ ದೇಶಕ್ಕೆ ಬಿಟ್ಟಿದೆ. ಕಾಯಿಲೆ, ಗಾಯ, ಹೆರಿಗೆಯ ಗೈರನ್ನು ಕೆಲಸದ ಅವಧಿಯಾಗಿಯೇ ಎಣಿಸಬೇಕು ಅಂತಲೂ ಹೇಳುತ್ತದೆ. ರಜೆಗೆ ಹೆಸರಾದ ಫ್ರಾನ್ಸ್ ಕೂಡ ಇಲ್ಲಿ ಎಡವಿತ್ತು. ಕೆಲಸಕ್ಕೆ ಸಂಬಂಧವಿಲ್ಲದ ಕಾಯಿಲೆಯಲ್ಲಿ ಮಲಗಿದ್ದರೆ ಅಲ್ಲಿ ರಜೆ ಜಮೆ ಆಗುತ್ತಿರಲಿಲ್ಲ. ಅದು ಯುರೋಪಿನ ನಿಯಮಕ್ಕೆ ವಿರುದ್ಧ ಅಂತ ಅಲ್ಲಿನ ಉನ್ನತ ನ್ಯಾಯಾಲಯ 2023ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟ ಮೇಲೆ, 2024ರ ಏಪ್ರಿಲ್‌ನಲ್ಲಿ ಕಾನೂನು ತಿದ್ದಿದರು.

ಭಾರತದ ಲೆಕ್ಕವನ್ನೂ ಹಾಕಿ ನೋಡೋಣ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದರೆ ಮಾತ್ರ ಅರ್ಹತೆ ಇತ್ತು. ಪ್ರತಿ 20 ದಿನದ ದುಡಿಮೆಗೆ ಒಂದು ದಿನ ರಜೆ. ವಾರಕ್ಕೆ ಆರು ದಿನದಂತೆ ವರ್ಷಕ್ಕೆ 300 ದಿನ ದುಡಿದರೂ ಸಿಗುವುದು 15. ಮೂರು ವಾರ ಅಂದರೆ 18 ಆಗಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ 2020ರ ಹೊಸ ಕಾರ್ಮಿಕ ಸಂಹಿತೆ 240 ಅನ್ನು 180ಕ್ಕೆ ಇಳಿಸಿತು, ಒಳ್ಳೆಯದೇ. ಇಪ್ಪತ್ತಕ್ಕೆ ಒಂದು ಅನ್ನುವುದು ಮಾತ್ರ ಅಲ್ಲಾಡಲಿಲ್ಲ. ಜೊತೆಗೆ ವರ್ಷದ ಕೊನೆಗೆ ಕೇಳಿದರೆ ರಜೆಯನ್ನು ದುಡ್ಡು ಮಾಡಿಕೊಳ್ಳಬಹುದು ಅಂತ ಸೇರಿಸಿತು.

ಈ ದುಡ್ಡು ಮಾಡಿಕೊಳ್ಳುವ ವಿಷಯದಲ್ಲಿ ಜಗಳ ಜಾಸ್ತಿ. ಕನಿಷ್ಠ ರಜೆಯನ್ನು ದುಡ್ಡಿಗೆ ಬಿಟ್ಟುಕೊಡುವ ಯಾವ ಒಪ್ಪಂದವೂ ಊರ್ಜಿತ ಅಲ್ಲ ಅನ್ನುವುದೇ 132ರ ನಿಲುವು. ಯುರೋಪಿನಲ್ಲೂ ನಾಲ್ಕು ವಾರದ ಬದಲು ದುಡ್ಡು ಕೊಡುವಂತಿಲ್ಲ, ಕೆಲಸವೇ ಮುಗಿದಾಗ ಬಿಟ್ಟರೆ. "ನನ್ನ ರಜೆ, ನಾನು ಮಾರ್ತೀನಿ, ನಿಮಗೇನು?" ಅಂತ ನೀವು ಕೇಳಬಹುದು. ನಾನೂ ಮಾರಿದ್ದೇನೆ. ಮನೆ ರಿಪೇರಿಗೆ ದುಡ್ಡು ಬೇಕಿತ್ತು, ಎರಡು ವರ್ಷದ ರಜೆ ಒಟ್ಟಿಗೆ ಎನ್‌ಕ್ಯಾಶ್ ಮಾಡಿಸಿದೆ. ಹಾಗಾಗಿ ಮಾರುವವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಆದರೆ ಮೇಜಿನ ಈ ಕಡೆ ಕೂತು ನೋಡಿದ್ದನ್ನು ಹೇಳುತ್ತೇನೆ. ಮಾರಲು ಬಿಟ್ಟ ಕಡೆ ರಜೆ ಕೇಳಿದವರಿಗೆ "ಯಾಕ್ರೀ ರಜೆ, ದುಡ್ಡು ತಗೊಳ್ಳಿ" ಅನ್ನುವ ಉತ್ತರ ರೆಡಿ ಇರುತ್ತದೆ. ಬದಲಿಗೆ ಒಬ್ಬರನ್ನು ಇಟ್ಟುಕೊಳ್ಳುವುದಕ್ಕಿಂತ ಮಾಲೀಕರಿಗೆ ಅದೇ ಸಲೀಸು. ಸಂಬಳ ಸಾಲದ್ದಕ್ಕೆ ರಜೆ ಮಾರುವ ಪರಿಸ್ಥಿತಿ ಬಂದಿದ್ದರೆ ತಿದ್ದಬೇಕಾದ್ದು ಸಂಬಳವನ್ನು, ಅಲ್ವಾ?

ಈಗ ಆ ಕೆಂಪು ಗೆರೆಗೆ ವಾಪಸ್ ಬರುತ್ತೇನೆ. ಇಡೀ ಬರಹ ಬರೆಯುತ್ತಿರುವುದೇ ಅದಕ್ಕೆ.

132ರ ಪ್ರಕಾರ ರಜೆಯನ್ನು ತುಂಡು ಮಾಡಬಹುದು, ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ ಒಂದು ಭಾಗ ಕನಿಷ್ಠ ಎರಡು ವಾರ ಸತತವಾಗಿರಬೇಕು. ರಜೆ ಗಳಿಸಿದ ವರ್ಷ ಮುಗಿದ ಮೇಲೆ ಆ ಭಾಗವನ್ನು ಒಂದು ವರ್ಷದೊಳಗೆ, ಉಳಿದದ್ದನ್ನು ಹದಿನೆಂಟು ತಿಂಗಳೊಳಗೆ ಕೊಟ್ಟು ಮುಗಿಸಬೇಕು. ಈ ಗಡುವು ಯಾರಿಗೆ? ರಷ್ಯಾದಲ್ಲಿ ಇದೇ ಪ್ರಶ್ನೆ ದೊಡ್ಡ ಗೊಂದಲ ಎಬ್ಬಿಸಿತು. 2010ರಲ್ಲಿ ಆ ದೇಶ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಆಗ ಜನರಿಗೆ ಹೆದರಿಕೆ, ಹದಿನೆಂಟು ತಿಂಗಳು ದಾಟಿದ ರಜೆ ಸುಟ್ಟುಹೋಗುತ್ತದಾ ಅಂತ. ಕೆಲಸ ಬಿಡುವಾಗ ಹಳೆಯ ಬಾಕಿಗೆ ದುಡ್ಡು ಕೇಳಿದವರಿಗೆ ಕೆಲವು ಕೋರ್ಟುಗಳು ಇದೇ ಗಡುವು ತೋರಿಸಿ ಇಲ್ಲ ಅಂದವು. ಕಾರ್ಮಿಕರ ರಕ್ಷಣೆಗೆ ಅಂತ ಬರೆದ ಸಾಲನ್ನು ತಿರುಗಿಸಿ ಅವರ ಮೇಲೇ ಬೀಸಿದಂತಾಯಿತು. ಕೊನೆಗೆ 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಕೆಲಸ ಬಿಡುವವರಿಗೆ ಬಳಸದ ಎಲ್ಲ ರಜೆಗೂ ಪರಿಹಾರ ಸಿಗಬೇಕು ಅಂದಿತು.

ಮರುತಿಂಗಳೇ, 2018ರ ನವೆಂಬರ್‌ನಲ್ಲಿ, ಜರ್ಮನಿಯಿಂದ ಬಂದ ಎರಡು ಕೇಸುಗಳಲ್ಲಿ ಯುರೋಪಿನ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಅರ್ಜಿ ಹಾಕಲಿಲ್ಲ ಅನ್ನುವ ಒಂದೇ ಕಾರಣಕ್ಕೆ ರಜೆ ತಾನಾಗಿಯೇ ಹೋಗಲ್ಲ. ರಜೆ ತೆಗೆದುಕೊಳ್ಳಲು ಅನುಕೂಲ ಮಾಡಿಕೊಟ್ಟೆ, ತೆಗೆದುಕೊಳ್ಳದಿದ್ದರೆ ಹೋಗುತ್ತದೆ ಅಂತ ಮುಂಚೆಯೇ ಹೇಳಿದ್ದೆ ಅಂತ ಮಾಲೀಕರೇ ರುಜುವಾತು ಮಾಡಬೇಕು. ಜಪಾನ್ ಇದನ್ನೇ ನೇರವಾಗಿ ಕಾನೂನಿಗೆ ಹಾಕಿತು. ಅಲ್ಲಿ ರಜೆ ಇದ್ದರೂ ಜನ ತೆಗೆದುಕೊಳ್ಳುವುದಿಲ್ಲ, ಸಹೋದ್ಯೋಗಿಗಳಿಗೆ ಹೊರೆ ಅಂತ. 2019ರ ಏಪ್ರಿಲ್‌ನಿಂದ, ಹತ್ತು ಅಥವಾ ಹೆಚ್ಚು ದಿನ ರಜೆ ಇರುವವರಿಗೆ ವರ್ಷಕ್ಕೆ ಕನಿಷ್ಠ ಐದು ದಿನವನ್ನು ಮಾಲೀಕರೇ ತಾರೀಖು ಗೊತ್ತುಮಾಡಿ ಕೊಡಿಸಬೇಕು. ಇಲ್ಲದಿದ್ದರೆ ಒಬ್ಬೊಬ್ಬರಿಗೆ 3 ಲಕ್ಷ ಯೆನ್‌ವರೆಗೆ ದಂಡ.

ಕಾನೂನು ಸರಿಮಾಡುವವರು ಒಂದೇ ಒಂದು ಬದಲಾವಣೆ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಮೂರು ವಾರ ಆಮೇಲೆ ಬರಲಿ. ಇರುವ ಹನ್ನೆರಡೋ ಹದಿನೈದೋ ದಿನ ಕೈಗೆ ಸಿಕ್ಕಿತೋ ಇಲ್ಲವೋ ಅನ್ನುವುದಕ್ಕೆ ಉತ್ತರ ಕೊಡಬೇಕಾದವರು ಯಾರು ಅಂತ ಮೊದಲು ಬರೆಯಲಿ. ಲೇತ್‌ನವರು ನನ್ನ ಮುಂದೆ ನಿಂತು ಉತ್ತರ ಕೇಳಿದ ದಿನ ತಪ್ಪೆಲ್ಲ ಅವರದೇ ಆಗಿತ್ತು. ಈ ನಿಯಮ ಇದ್ದಿದ್ದರೆ ಆ ಪೆನ್ಸಿಲಿನವರು ಅಪ್ರೂವಲ್ ತೋರಿಸಬೇಕಾಗುತ್ತಿತ್ತು.

"ನಾಲ್ಕು ಜನ ಇಟ್ಟುಕೊಂಡು ನಡೆಸುವವರ ಗತಿ ಏನು?" ಅನ್ನುವ ಪ್ರಶ್ನೆ ನ್ಯಾಯವಾದದ್ದೇ. 52 ವಾರದಲ್ಲಿ ಮೂರು ವಾರ ಅಂದರೆ ಸಂಬಳದ ಬಿಲ್ಲಿನಲ್ಲಿ ಶೇ 6ಕ್ಕಿಂತ ಚೂರು ಕಡಿಮೆ. ಲಾಭ ತೆಳ್ಳಗಿರುವ ಕಡೆ ಅದು ಸಣ್ಣದಲ್ಲ. ದುಡ್ಡಿಗಿಂತ, ಗೊತ್ತಿರುವ ಒಬ್ಬರೇ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಅನ್ನುವುದು ದೊಡ್ಡ ತಲೆನೋವು. ಅಂಥವರಿಗೆ ಎರಡು ಮೂರು ವರ್ಷ ಸಮಯ ಕೊಡಿ, ಹಂತ ಹಂತವಾಗಿ ತನ್ನಿ. ಪೂರ್ತಿ ವಿನಾಯಿತಿ ಮಾತ್ರ ಬೇಡ. ವಿನಾಯಿತಿ ಸಿಕ್ಕರೆ ದೊಡ್ಡ ಕಂಪನಿಗಳೂ ಕಾಗದದ ಮೇಲೆ ನಾಲ್ಕು ನಾಲ್ಕು ಜನರ ಕಂಪನಿಗಳಾಗಿಬಿಡುತ್ತವೆ. ಹಾಗೆ ಆಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದಿನಗೂಲಿಯವರಿಗೆ, ಇವತ್ತು ಒಬ್ಬರ ಬಳಿ ನಾಳೆ ಇನ್ನೊಬ್ಬರ ಬಳಿ ದುಡಿಯುವವರಿಗೆ ರಜೆ ಕೊಡೋಕೇ ಆಗಲ್ಲ ಅಂತ ವಾದ ಮಾಡುವವರು ಜರ್ಮನಿಯ ಕಟ್ಟಡ ಕೆಲಸ ನೋಡಬೇಕು. ಅಲ್ಲಿ ಮಾಲೀಕರೆಲ್ಲ ಒಂದು ಸಾಮಾನ್ಯ ನಿಧಿಗೆ ದುಡ್ಡು ಕಟ್ಟುತ್ತಾರೆ. ಕೆಲಸಗಾರರು ಸೈಟ್ ಬದಲಿಸಲಿ, ಮಾಲೀಕರನ್ನು ಬದಲಿಸಲಿ, ಗಳಿಸಿದ ರಜೆ ಅವರ ಹಿಂದೆಯೇ ಹೋಗುತ್ತದೆ. ಮನೆಗೆಲಸದವರ ಬಗ್ಗೆ 2011ರಲ್ಲೇ 189ನೇ ಒಡಂಬಡಿಕೆ ಬಂದಿದೆ. ವಾರ್ಷಿಕ ರಜೆಯಲ್ಲಿ ಅವರನ್ನು ಬೇರೆ ಕಾರ್ಮಿಕರ ಸಮಾನವಾಗಿ ನೋಡಲು ಕ್ರಮ ಕೈಗೊಳ್ಳಬೇಕು ಅನ್ನುತ್ತದೆ. ಈ ಪೋಸ್ಟ್‌ಗೆ ಲೈಕ್ ಒತ್ತುವವರಲ್ಲಿ ಎಷ್ಟು ಜನ ತಮ್ಮ ಮನೆ ಕೆಲಸದವರಿಗೆ ಹದಿನೈದು ದಿನ ಸಂಬಳ ಕೊಟ್ಟು ಕಳಿಸಿದ್ದೀರಿ? ನಾನು ಕಳಿಸಿಲ್ಲ. ಹೋದ ವರ್ಷ ಆರು ದಿನ ಕೊಟ್ಟೆ, ಅದನ್ನೇ ಉದಾರತನ ಅಂದುಕೊಂಡಿದ್ದೆ. ಆರು ದಿನ ಅಂದರೆ 1936.

ನಿಮ್ಮ ಆಫೀಸಿನ ರಜೆ ಫಾರಂ ಒಂದು ಸಲ ತೆರೆದು ನೋಡಿ. 'ಕಾರಣ' ಅಂತ ಒಂದು ಕಾಲಂ ಇರುತ್ತದೆ. ನಮ್ಮ ಲೇತ್‌ನವರು ಮೂರು ಅರ್ಜಿಯಲ್ಲೂ ಅಲ್ಲಿ 'ಸ್ವಂತ ಕೆಲಸ' ಅಂತ ಬರೆದಿದ್ದರು. ಮೂರನೆಯದರಲ್ಲಿ ಮೇಲಿನವರು ಅದರ ಕೆಳಗೇ ಗೆರೆ ಎಳೆದು, ಪಕ್ಕದಲ್ಲಿ 'ಏನು ಕೆಲಸ?' ಅಂತ ಕೇಳಿದ್ದರು.