ಬೋರ್ ನೀರಿನ ಊರಲ್ಲಿ ಗೀಸರ್ ಬದಲಿಸುವವರಿಗೆ

ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಚಿಂತಾಮಣಿ, ಶಿಡ್ಲಘಟ್ಟ. ಈ ಕಡೆ ಹಂಡೆ ಒಲೆ ಆರಿ ಗೀಸರ್ ಬಂದ ಮನೆಗಳಲ್ಲಿ ಒಂದೇ ಮಾತು: "ನಾಲ್ಕು ವರ್ಷಕ್ಕೇ ಹೋಯ್ತು, ಈ ಸಲ ಬೇರೆ ಕಂಪನಿದು ಹಾಕಿಸೋಣ." ಬೇರೆ ಕಂಪನಿಯದು ಬರುತ್ತದೆ. ಅದೇ ಗೋಡೆ, ಅದೇ ಪೈಪು, ಅದೇ ನೀರು. ಇನ್ನು ಕೆಲವು ವರ್ಷಕ್ಕೆ ಅದೂ ಗುಜರಿಗೆ. ನಮ್ಮ ಕಡೆ ಗೀಸರ್ ತಿನ್ನುವುದು ನೀರು. ಸಾವಿರ ಅಡಿ ದಾಟಿದ ಬೋರಿನ ನೀರಿಗೆ ತಕ್ಕಂತೆ ಗೀಸರ್ ಆರಿಸಿ, ತಕ್ಕಂತೆ ಕೂರಿಸಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡದಿದ್ದರೆ ಎಷ್ಟು ದುಡ್ಡು ಸುರಿದರೂ ಅಷ್ಟೇ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ತಣ್ಣಗಿದ್ದಾಗ ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಣ್ಣದ ಕಲ್ಲು. ಅದು ಹೆಚ್ಚು ಬಿಸಿ ಇರುವ ಕಡೆ ಹೆಚ್ಚು ಕೂರುತ್ತದೆ, ಗೀಸರ್ ಒಳಗೆ ಆ ಜಾಗ ಕಾಯಿಲ್. ಪದರ ದಪ್ಪವಾದಷ್ಟೂ ಕಾಯಿಲ್ ಶಾಖ ನೀರಿಗೆ ಇಳಿಯದೆ ಒಳಗೇ ಉಳಿದು, ಮೈ ಮಿತಿಮೀರಿ ಕಾದು ಕೊನೆಗೆ ಬಿರುಕು ಬಿಡುತ್ತದೆ. ನೀರು ಕಾಯುವಾಗ ಒಳಗಿನಿಂದ ಪಟಪಟ ಸದ್ದು ಬರುತ್ತಿದ್ದರೆ ಆ ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಕುದಿಯುತ್ತಿದೆ ಅಂತ ಲೆಕ್ಕ. ಕುಡಿಯುವ ನೀರಿಗೆ ಐಎಸ್ 10500 ಅನ್ನುವ ಭಾರತೀಯ ಮಾನದಂಡ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 600. ನಿಮ್ಮ ಸಂಪಿನ ನೀರು ಎಷ್ಟಿದೆ ಅಂತ ತಿಳಿಯದೆ ಗೀಸರ್ ಅಂಗಡಿಗೆ ಹೋಗಬೇಡಿ. ಕೈಲಿ ಹಿಡಿಯುವ ಟಿಡಿಎಸ್ ಪೆನ್ ನೆಚ್ಚಬೇಡಿ, ಅದು ಕರಗಿದ ಉಪ್ಪನ್ನೆಲ್ಲ ಒಟ್ಟಿಗೆ ತೋರಿಸುತ್ತದೆ, ಗಡಸುತನವನ್ನು ಬೇರೆ ಮಾಡಿ ಹೇಳುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಹಾರ್ಡ್‌ನೆಸ್ ಕಿಟ್ ಸಿಗುತ್ತದೆ, ಇಲ್ಲವೇ ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕೊಡಿ.

ಯರಗೋಳ್ ಡ್ಯಾಮಿನ ನೀರು ಬರುವ ಬಡಾವಣೆಯವರಿಗೆ ಈ ಕಾಟ ಕಡಿಮೆ ಇರಬಹುದು. ಮಳೆ ನೀರು ನಿಂತ ಡ್ಯಾಮಿಗೂ ಕಲ್ಲಿನ ಆಳದಿಂದ ಎತ್ತಿದ ಬೋರಿಗೂ ವ್ಯತ್ಯಾಸ ಇದೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರುತ್ತಿದೆ, ನಿಜ. ಆದರೆ ಅದು ಅಂತರ್ಜಲ ತುಂಬಲು. ಉಳಿದವರ ಬಚ್ಚಲಿಗೆ ಬರುವುದು ಇನ್ನೂ ಬೋರ್ ನೀರೇ, ಇಲ್ಲವೇ ಟ್ಯಾಂಕರ್. ಟ್ಯಾಂಕರ್ ನೀರಿನ ಗಡಸುತನ ಅದನ್ನು ತುಂಬಿಸಿದ ಬೋರಿನ ಮೇಲೆ, ವಾರಕ್ಕೊಂದು ಥರ.

ಇನ್ನು ಆನೋಡ್ ರಾಡ್. ಗೀಸರ್ ಇಟ್ಟುಕೊಂಡವರಲ್ಲಿ ಬಹಳ ಜನಕ್ಕೆ ಇದರ ಹೆಸರೂ ಗೊತ್ತಿಲ್ಲ, ನನಗೆ ತುಂಬ ಬೇಸರ ತರುವ ವಿಷಯ ಇದು. ಗ್ಲಾಸ್‌ಲೈನ್ ಟ್ಯಾಂಕ್ ಅಂದರೆ ಕಬ್ಬಿಣದ ಟ್ಯಾಂಕಿಗೆ ಒಳಗಡೆ ಗಾಜಿನಂಥ ಲೇಪ. ಆ ಲೇಪದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳು ಇದ್ದೇ ಇರುತ್ತವೆ. ಅಲ್ಲಿ ಕಬ್ಬಿಣ ತುಕ್ಕು ಹಿಡಿಯದಂತೆ ತಡೆಯಲು ಮೆಗ್ನೀಸಿಯಂ ಕಡ್ಡಿ ಒಂದನ್ನು ಒಳಗೆ ನೆಟ್ಟಿರುತ್ತಾರೆ. ಕಬ್ಬಿಣಕ್ಕಿಂತ ಮೊದಲು ತಾನು ಕರಗುವುದೇ ಅದರ ಕೆಲಸ. ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ಅದು ಬೇಗ ಕರಗುತ್ತದೆ. ಹೊಸದು ಕೈ ಹೆಬ್ಬೆರಳ ದಪ್ಪ, ನಯವಾಗಿ, ಬೂದು ಬಣ್ಣಕ್ಕಿರುತ್ತದೆ. ಬೋರ್ ನೀರಿನಲ್ಲಿ ಎರಡು ವರ್ಷ ನಿಂತದ್ದನ್ನು ಹೊರತೆಗೆದರೆ ಕೆಲವು ಕಡೆ ಹುಳ ತಿಂದ ಕಬ್ಬಿನ ಜಲ್ಲೆಯ ಹಾಗೆ ಗುಳಿಬಿದ್ದು, ಮಧ್ಯದ ಕಬ್ಬಿಣದ ತಂತಿ ಇಣುಕುತ್ತಿರುತ್ತದೆ. ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ. ತಂತಿ ಕಂಡಿತೆಂದರೆ ಮುಂದಿನ ಸರದಿ ಟ್ಯಾಂಕಿನದು. ಕೆಲವು ನೂರು ರೂಪಾಯಿಯ ಕಡ್ಡಿ ಬದಲಿಸದೆ ಸಾವಿರಾರು ರೂಪಾಯಿಯ ಟ್ಯಾಂಕ್ ಕಳೆದುಕೊಳ್ಳುತ್ತಿದ್ದೇವೆ.

ಹಾಗಾಗಿ ಮೊದಲು ಬದಲಿಸಬೇಕೋ ಬೇಡವೋ ನೋಡಿ. ನೀರು ಬಿಸಿಯಾಗುತ್ತಿಲ್ಲ ಅನ್ನುವುದೊಂದೇ ದೂರಾದರೆ ಹೊಸ ಗೀಸರ್ ಬೇಡ. ಕರೆಂಟ್ ತೆಗೆದು, ಕಾಯಿಲ್‌ನ ವೈರ್ ಬಿಚ್ಚಿ, ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. 2000 ವ್ಯಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು, 3000 ವ್ಯಾಟಿನದು ಸುಮಾರು 17 ಅಥವಾ 18. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಒಂದು ತುದಿಗೂ ಕಾಯಿಲ್ ಮೈಗೂ ಹಿಡಿದಾಗ ಏನಾದರೂ ಓಮ್ ತೋರಿಸಿದರೆ ಮೈ ಬಿರುಕು ಬಿಟ್ಟು ನೀರು ಒಳಹೊಕ್ಕಿದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಪದೇಪದೇ ಬೀಳುವುದು ಇದಕ್ಕೇ. ಕಾಯಿಲ್ ಸರಿ ಇದ್ದರೆ ಥರ್ಮೋಸ್ಟಾಟ್ ಅಥವಾ ಮಿತಿಮೀರಿ ಕಾದಾಗ ಕರೆಂಟ್ ಕಡಿಯುವ ಕಟೌಟ್ ನೋಡಿ, ಕಟೌಟಿಗೆ ರೀಸೆಟ್ ಗುಂಡಿ ಇದ್ದರೆ ಒಮ್ಮೆ ಒತ್ತಿ. ಮತ್ತೆ ಬಿದ್ದರೆ ಕಾರಣ ಹುಡುಕಬೇಕು, ನೇರ ವೈರ್ ಕೊಟ್ಟು ಕಟೌಟ್ ದಾಟಿಸುವುದು ಮನೆಯವರ ಜೀವದ ಜೊತೆ ಆಟ. ಕೆಳಗಿನ ಫ್ಲಾಂಜ್ (ಕಾಯಿಲ್ ಹಿಡಿದಿರುವ, ಬೋಲ್ಟ್ ಹಾಕಿದ ಮುಚ್ಚಳ) ಸುತ್ತ ನೀರು ಜಿನುಗಿದರೆ ಗ್ಯಾಸ್ಕೆಟ್ ಬದಲಿಸಿ. ಪೈಪು ಸೇರುವ ನಿಪ್ಪಲ್ ಬಳಿ ಜಿನುಗಿದರೆ ಥ್ರೆಡ್ ನೋಡಿ. ಆದರೆ ಹೊರಗಿನ ಡಬ್ಬಿಯ ಸಂದಿಯಿಂದ ಕಂದು ನೀರು ಇಳಿಯುತ್ತಿದ್ದರೆ ಟ್ಯಾಂಕ್ ತೂತಾಗಿದೆ, ಮುಗಿಯಿತು. ಎಂಸೀಲ್, ವೆಲ್ಡಿಂಗ್ ಯಾವುದೂ ಬೇಡ. ಒತ್ತಡ ತಡೆಯಬೇಕಾದ ಪಾತ್ರೆ ಅದು.

ಹೊಸದು ಕೊಳ್ಳುವಾಗ ನನ್ನ ಅಭಿಪ್ರಾಯ ಹೀಗಿದೆ. ನಮ್ಮ ನೀರಿಗೆ ಆನೋಡ್ ಇರುವ ಗ್ಲಾಸ್‌ಲೈನ್ ಟ್ಯಾಂಕ್, ಇನ್‌ಕಲಾಯ್ (ನಿಕಲ್ ಬೆರೆತ ಮಿಶ್ರಲೋಹ) ಅಥವಾ ಗ್ಲಾಸ್ ಲೇಪದ ಕಾಯಿಲ್, ಮತ್ತು ಕೆಳಗಿನಿಂದ ಬಿಚ್ಚಲು ಬರುವ ಫ್ಲಾಂಜ್. ಸ್ಟೀಲ್ ಟ್ಯಾಂಕ್ ತುಕ್ಕು ಹಿಡಿಯುವುದಿಲ್ಲ ಅಂತ ಮಾರುತ್ತಾರೆ, ಕ್ಲೋರೈಡ್ ಹೆಚ್ಚಿರುವ ಬೋರ್ ನೀರಿನಲ್ಲಿ ವೆಲ್ಡ್ ಮಾಡಿದ ಕಡೆ ಸ್ಟೀಲಿಗೂ ಗುಳಿ ಬೀಳುತ್ತದೆ. ಐಎಸ್ 2082ರ ಐಎಸ್‌ಐ ಗುರುತು ಇರಲೇಬೇಕು. ಸ್ಟಾರ್ ಎಷ್ಟು ಅನ್ನುವುದು ನಿಂತ ನೀರಿನ ಶಾಖ ಎಷ್ಟು ಸೋರುತ್ತದೆ ಅನ್ನುವ ಲೆಕ್ಕ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ ಆಮೇಲೆ ಆರಿಸುವ ಮನೆಯಲ್ಲಿ ಅದರಿಂದ ಉಳಿಯುವುದು ಕಡಿಮೆ. ಒಂದು ಸ್ಟಾರ್ ಕಡಿಮೆಯಾದರೂ ಪರವಾಗಿಲ್ಲ, ಆನೋಡ್ ಸುಲಭವಾಗಿ ಕೈಗೆ ಸಿಗುವ ಮಾಡೆಲ್ ತನ್ನಿ. ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಅಂಗಡಿಯಲ್ಲೇ ಓದಿ. ಗಡಸುತನದ ಮಿತಿ, ಆನೋಡ್ ಬದಲಿಸಿರಬೇಕೆಂಬ ಷರತ್ತು ಅಲ್ಲೇ ಇರುತ್ತವೆ.

ಅಳತೆಗೆ ಬಕೆಟ್ ಲೆಕ್ಕ ಸಾಕು. 60 ಡಿಗ್ರಿಯ 15 ಲೀಟರಿಗೆ 20 ಡಿಗ್ರಿಯ 15 ಲೀಟರ್ ತಣ್ಣೀರು ಸೇರಿಸಿದರೆ 40 ಡಿಗ್ರಿಯ 30 ಲೀಟರ್, ಅಂದರೆ ಒಂದೂವರೆ ಬಕೆಟ್. 2 ಕಿಲೋವ್ಯಾಟ್ ಕಾಯಿಲ್‌ಗೆ ಇದು 21 ನಿಮಿಷದ ಕೆಲಸ, ಮುಕ್ಕಾಲು ಯೂನಿಟ್‌ಗೂ ಕಡಿಮೆ. 25 ಲೀಟರಿಗೆ 35 ನಿಮಿಷ, ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಬಕೆಟ್ ಸ್ನಾನದ ನಾಲ್ಕು ಜನರ ಮನೆಗೆ 15 ಸಾಕು, ಶವರ್ ಇದ್ದರೆ ಅಥವಾ ಸಂಕ್ರಾಂತಿ ಚಳಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೊರಡುವ ಮನೆಯಾದರೆ 25. 3 ಲೀಟರಿನ ಇನ್‌ಸ್ಟಂಟ್ ಗೀಸರ್ ಬೋರ್ ನೀರಿನ ಬಚ್ಚಲಿಗೆ ಬೇಡ. ಪುಟ್ಟ ಟ್ಯಾಂಕಿನಲ್ಲಿ 3 ಕಿಲೋವ್ಯಾಟ್ ಕಾಯಿಲ್, ಸುಣ್ಣ ಕಟ್ಟಿದರೆ ಉಸಿರಾಡಲು ಜಾಗವೇ ಇರುವುದಿಲ್ಲ.

ಈಗ ಕೂರಿಸುವುದು. ಹಳೆಯದನ್ನು ಇಳಿಸುವ ಹಿಂದಿನ ರಾತ್ರಿಯೇ ಎಂಸಿಬಿ ಆರಿಸಿ ನೀರು ತಣ್ಣಗಾಗಲು ಬಿಡಿ. ಬೆಳಿಗ್ಗೆ ಟೆಸ್ಟರ್ ಹಿಡಿದು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ತಣ್ಣೀರಿನ ಆಂಗಲ್ ಕಾಕ್ ಮುಚ್ಚಿ. ಬಿಸಿ ನಲ್ಲಿ ತಿರುಗಿಸಿದರೆ ಗೀಸರ್ ಖಾಲಿಯಾಗುತ್ತದೆ ಅಂದುಕೊಳ್ಳುವುದು ತಪ್ಪು. ನಿಲ್ಲುವ ಗೀಸರಿನಲ್ಲಿ ಬಿಸಿ ನೀರಿನ ಕೊಳವೆ ಟ್ಯಾಂಕಿನ ತುದಿಯವರೆಗೆ ಹೋಗಿರುತ್ತದೆ, ತಣ್ಣೀರಿನದು ತಳದಲ್ಲೇ ತೆರೆದುಕೊಳ್ಳುತ್ತದೆ. ಬಿಸಿ ಕಡೆಯ ಕನೆಕ್ಷನ್ ಪೈಪ್ ಬಿಚ್ಚಿ ಗಾಳಿ ಒಳಬಿಟ್ಟು, ತಣ್ಣೀರಿನ ಕಡೆಯ ಪೈಪು ಮತ್ತು ವಾಲ್ವ್ ಬಿಚ್ಚಿದರೆ ಅಲ್ಲಿಂದ ನೀರು ಇಳಿಯುತ್ತದೆ. ಕೆಳಗೆ ಬಕೆಟ್ ಇಡಿ. ಮೊದಲು ತಿಳಿನೀರು, ಕೊನೆಗೆ ಒದ್ದೆ ಸುಣ್ಣ ಬೆರೆತ ಅವಲಕ್ಕಿಯಂಥ ಚೂರುಗಳು. ಆ ಚೂರನ್ನು ಕೈಯಲ್ಲಿ ತೆಗೆದುಕೊಂಡು ನೋಡಿ, ಒಂದು ಕಡೆ ನುಣುಪು, ಇನ್ನೊಂದು ಕಡೆ ಒರಟು. ನುಣುಪು ಕಡೆ ಕಾಯಿಲ್‌ಗೆ ಅಂಟಿಕೊಂಡಿದ್ದದ್ದು. ಖಾಲಿ ಮಾಡಿದರೂ ತಳದಲ್ಲಿ ನೀರು, ಸುಣ್ಣ ಉಳಿದಿರುತ್ತದೆ, ಒಬ್ಬರೇ ಸ್ಟೂಲ್ ಮೇಲೆ ನಿಂತು ಇಳಿಸಬೇಡಿ.

ತುಂಬಿದ 25 ಲೀಟರ್ ಗೀಸರ್ ಮೂವತ್ತೈದು ಕೆಜಿ ದಾಟುತ್ತದೆ. ಹಳೆಯ ತೂತಿಗೆ ಹೊಸ ಬ್ರಾಕೆಟ್ ಕೂರುವುದು ಅಪರೂಪ, ಒತ್ತಾಯದಿಂದ ಹೊಂದಿಸಬೇಡಿ. ಸಾಲಿಡ್ ಬ್ಲಾಕ್, ಇಟ್ಟಿಗೆ ಅಥವಾ ಸೈಜು ಕಲ್ಲಿನ ಗೋಡೆಗೆ 10 ಎಂಎಂ ಆಂಕರ್ ಬೋಲ್ಟ್ ಹಿಡಿಯುತ್ತದೆ. ಹಾಲೋ ಬ್ಲಾಕ್ ಅಥವಾ ಹಳೆಯ ಮಣ್ಣಿನ ಗೋಡೆಯಾದರೆ ಆಚೆ ಕಡೆಗೆ ಪ್ಲೇಟ್ ಕೊಟ್ಟು ಆರುಪಾರು ಬೋಲ್ಟ್ ಹಾಕಬೇಕು. ಗೀಸರ್ ಕೆಳಗೆ ಒಂದೂವರೆ ಅಡಿ ಜಾಗ ಬಿಡಿ, ಕಾಯಿಲ್ ಮತ್ತು ಆನೋಡ್ ಕೆಳಕ್ಕೆ ಎಳೆಯಲು ಅಷ್ಟಾದರೂ ಬೇಕು. ಚಂದ ಕಾಣಲಿ ಅಂತ ಸಜ್ಜೆಯ ಮೇಲೆ ಮಲಗುವ ಗೀಸರ್ ಇಟ್ಟು ಫಾಲ್ಸ್ ಸೀಲಿಂಗ್ ಮುಚ್ಚುವುದು ನಮ್ಮ ನೀರಿಗೆ ಖಂಡಿತ ಬೇಡ. ಮುಚ್ಚಿದ್ದನ್ನು ಯಾರೂ ವರ್ಷಕ್ಕೊಮ್ಮೆ ತೆರೆಯುವುದಿಲ್ಲ.

ನೀಲಿ ಗುರುತು ತಣ್ಣೀರು, ಕೆಂಪು ಬಿಸಿ. ಅದಲುಬದಲಾದರೆ ಟ್ಯಾಂಕಿನ ತುದಿಗೆ ತಣ್ಣೀರು ಬಿದ್ದು, ತಳದ ನೀರು ಹೊರಬಂದು, ಎಷ್ಟು ಹೊತ್ತು ಕಾಯಿಸಿದರೂ ಉಗುರುಬೆಚ್ಚಗೇ ಸಿಗುತ್ತದೆ. ನೀಲಿ ಕಡೆಗೆ ಗೀಸರ್ ಜೊತೆ ಬಂದ ಸೇಫ್ಟಿ ವಾಲ್ವ್, ಬಾಣ ಗೀಸರ್ ಕಡೆ ಮುಖ ಮಾಡಿರಬೇಕು. ಅರ್ಧ ಇಂಚಿನ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಹತ್ತು ಸುತ್ತು, ಬಿಗಿಸುವ ದಿಕ್ಕಿಗೇ. ಬಿಸಿ ಕಡೆಗೆ ಸಾದಾ ಪಿವಿಸಿ ಹಾಕಬೇಡಿ, ಬಾಗಿ ಜಾಯಿಂಟ್ ಬಿಡುತ್ತದೆ, ಸಿಪಿವಿಸಿಯೇ ಬೇಕು. ಪ್ರೆಷರ್ ಪಂಪ್ ಇದ್ದರೆ 8 ಬಾರ್ ತಡೆಯುವ ಟ್ಯಾಂಕ್ ಅಂತ ಕೇಳಿ ತನ್ನಿ. ಪಂಪ್ ಇಲ್ಲದೆ ಮೇಲಿನ ಟ್ಯಾಂಕಿನಿಂದ ಬರುವ ಒತ್ತಡ ಹತ್ತು ಮೀಟರಿಗೆ ಒಂದು ಬಾರ್ ಅಷ್ಟೇ.

ಸೇಫ್ಟಿ ವಾಲ್ವ್ ಹನಿ ಹಾಕುತ್ತದೆ ಅಂತ ಅದರ ಬಾಯಿಗೆ ಮರದ ಬೆಣೆ ಬಡಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಸುಮಾರು 350 ಮಿಲಿ ಹಿಗ್ಗುತ್ತದೆ. ವಾಲ್ವ್ ಒಳಗಿನ ನಾನ್ ರಿಟರ್ನ್ ಭಾಗ ಅದನ್ನು ಹಿಂದಕ್ಕೆ ಬಿಡುವುದಿಲ್ಲ, ಹಾಗಾಗಿ ಹನಿಯಾಗಿ ಹೊರಬರಬೇಕು. ಅದರ ಬಾಯಿಗೆ ಸಣ್ಣ ಪೈಪು ಸಿಕ್ಕಿಸಿ ನೆಲದ ಜಾಲರಿಯ ತನಕ ಬಿಡಿ. ಕಾಯದಿದ್ದಾಗಲೂ ನಿಲ್ಲದೆ ಸುರಿಯುತ್ತಿದ್ದರೆ ಮಾತ್ರ ಸುಣ್ಣ ಸಿಕ್ಕಿದೆ ಅಂತ ಬದಲಿಸಿ. ತಿಂಗಳಿಗೊಮ್ಮೆ ಅದರ ಕಿವಿ ಎತ್ತಿ ಬಿಟ್ಟರೆ ಅಂಟಿಕೊಳ್ಳುವುದಿಲ್ಲ.

ನೀರು ತುಂಬಿಸುವಾಗ ಬಿಸಿ ನಲ್ಲಿ ತೆರೆದಿಡಿ. ಗಾಳಿಯ ಉಗುಳಾಟ ನಿಂತು ಸಮವಾಗಿ ನೀರು ಹರಿದ ಮೇಲೆ ಮಾತ್ರ ಸ್ವಿಚ್. ನೀರಿಲ್ಲದೆ ಹಾಕಿದರೆ ಹೊಸ ಕಾಯಿಲ್ ಆಗಲೇ ಸುಟ್ಟುಹೋಗುತ್ತದೆ, ವಾರಂಟಿಯೂ ಬರುವುದಿಲ್ಲ. ಜಾಯಿಂಟುಗಳನ್ನು ತಣ್ಣಗಿದ್ದಾಗ ಒಮ್ಮೆ, ಪೂರ್ತಿ ಕಾದ ಮೇಲೆ ಒಮ್ಮೆ ಒಣ ಬಟ್ಟೆಯಿಂದ ಒರೆಸಿ ನೋಡಿ.

ಕರೆಂಟ್ ವಿಷಯದಲ್ಲಿ ರಾಜಿ ಬೇಡವೇ ಬೇಡ. 2 ಕಿಲೋವ್ಯಾಟ್ ಅಂದರೆ ಸುಮಾರು 9 ಆಂಪಿಯರ್, 3 ಅಂದರೆ 13. ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್, ಮೀಟರ್ ಬೋರ್ಡಿನಿಂದ ಬೇರೆಯೇ ಎಂಸಿಬಿ, 2.5 ಚದರ ಎಂಎಂ ತಾಮ್ರದ ವೈರ್, ದೂರ ಹೆಚ್ಚಿದ್ದರೆ ಅಥವಾ 3 ಕಿಲೋವ್ಯಾಟ್ ಆದರೆ 4. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಅರ್ಥ್ ಪಿನ್ನಿನಲ್ಲಿ ವೈರ್ ಇದ್ದರೆ ಸಾಲದು, ಅದು ಭೂಮಿಗೆ ಮುಟ್ಟಿರಬೇಕು. ಫೇಸಿಗೂ ಅರ್ಥಿಗೂ ನಡುವೆ ಎಲೆಕ್ಟ್ರಿಷಿಯನ್ ಕೈಯಲ್ಲಿ 100 ವ್ಯಾಟ್ ಬಲ್ಬ್ ಹಿಡಿಸಿ. ಆರ್‌ಸಿಸಿಬಿ ಇಲ್ಲದಿದ್ದರೆ ಪೂರ್ತಿ ಬೆಳಗಬೇಕು, ಇದ್ದರೆ ಅದು ಟಪ್ಪನೆ ಬೀಳಬೇಕು. ಮಿಣುಕಿದರೆ ಅರ್ಥ್ ಸತ್ತಿದೆ. ನಮ್ಮ ಗರಸು ಮಣ್ಣು ಶಿವರಾತ್ರಿ ಕಳೆದರೆ ಒಣಗಿ ಗುಂಡಿಯ ಅರ್ಥ್ ದುರ್ಬಲವಾಗುತ್ತದೆ, ಬೇಸಿಗೆಯಲ್ಲಿ ವಾರಕ್ಕೊಂದು ಬಿಂದಿಗೆ ನೀರು ಹೊಯ್ಯಿರಿ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ಜಂಪರ್ ಕೊಟ್ಟಿದ್ದರೆ ಅವತ್ತೇ ಕಿತ್ತು ಹಾಕಿಸಿ. ಎಲ್ಲೋ ನ್ಯೂಟ್ರಲ್ ತುಂಡಾದ ದಿನ ಗೀಸರ್ ಮೈಗೆಲ್ಲ ಕರೆಂಟ್ ಬರುತ್ತದೆ, ಒದ್ದೆ ಕೈಯವರು ನಲ್ಲಿ ಹಿಡಿದಿರುತ್ತಾರೆ.

ಕರೆಂಟ್ ಬಿಲ್ ಹೆದರಿಕೆಗೆ ಗ್ಯಾಸ್ ಗೀಸರ್ ಯೋಚಿಸುವವರು ಅದನ್ನು ಬಚ್ಚಲಿನ ಒಳಗೆ ಹಾಕಿಸಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಾಗಿಲು ಹಾಕಿಕೊಂಡ ಸಣ್ಣ ಬಚ್ಚಲಲ್ಲಿ ಕೂಗುವಷ್ಟು ಹೊತ್ತೂ ಕೊಡುವುದಿಲ್ಲ. ಹೊರಗೆ ಗಾಳಿಯಾಡುವ ಕಡೆ ಇರಬೇಕು.

ಥರ್ಮೋಸ್ಟಾಟ್ 55 ಮತ್ತು 60ರ ನಡುವೆ ಇಡಿ. ಮೇಲೆ ಹೋದಷ್ಟೂ ಸುಣ್ಣ ಬೇಗ ಕಟ್ಟುತ್ತದೆ, 50ಕ್ಕಿಂತ ಕೆಳಗೆ ಇಟ್ಟರೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ. ಪೈಪಿಗೆ ಮ್ಯಾಗ್ನೆಟ್ ಕಟ್ಟುವುದರಿಂದ ನೀರಿನ ಗಡಸುತನ ಹೋಗುವುದಿಲ್ಲ, ಆ ದುಡ್ಡು ಆನೋಡಿಗೆ ಇಡಿ. ವರ್ಷಕ್ಕೊಮ್ಮೆ ಫ್ಲಾಂಜ್ ಬಿಚ್ಚಿ ತಳದ ಸುಣ್ಣ ಬಾಚಿ ತೆಗೆಸಿ. ಕಾಯಿಲ್‌ಗೆ ಅಂಟಿದ್ದನ್ನು ಸುತ್ತಿಗೆಯಲ್ಲಿ ಬಡಿಯಬಾರದು. ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ವೈರ್ ಸಿಗಿಸುವ ತುದಿ ನೆನೆಯದಂತೆ ಕಾಯಿಲ್ ಮುಳುಗಿಸಿಟ್ಟರೆ ನೊರೆ ಬಿಟ್ಟು ಕರಗುತ್ತದೆ, ನೊರೆ ನಿಂತ ಮೇಲೆ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಬೇಡ, ಲೋಹವನ್ನೇ ತಿನ್ನುತ್ತದೆ. ಮತ್ತೆ ಮುಚ್ಚುವಾಗ ಹೊಸ ಗ್ಯಾಸ್ಕೆಟ್, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಸಬೇಕು. ಆನೋಡ್ ತರುವಾಗ ಹಳೆಯದನ್ನೇ ಅಂಗಡಿಗೆ ಒಯ್ಯಿರಿ, ಉದ್ದ ಮತ್ತು ಥ್ರೆಡ್ ಮಾಡೆಲ್‌ಗೊಂದು ಥರ. ಹಾಕಿದ ತಾರೀಕನ್ನು ಮಾರ್ಕರ್‌ನಲ್ಲಿ ಗೀಸರ್ ಮೈಮೇಲೇ ಬರೆದಿಡಿ, ಸ್ನಾನಕ್ಕೆ ಹೋದವರ ಕಣ್ಣಿಗೆ ಬೀಳುವ ಹಾಗೆ.