ವಿಲ್ ಬರೆದಿದ್ದಾರೆ ಸರಿ, ಅದು ಯಾವ ಆಫೀಸಿನಲ್ಲಿದೆ?

ಮರಣ ಪತ್ರ (ಡೆತ್ ಸರ್ಟಿಫಿಕೇಟ್) ಎಲ್ಲಿ ಸಿಗುತ್ತದೆ, ವಿಲ್ ಎಲ್ಲಿದೆ? ನಮ್ಮ ಎಷ್ಟೋ ಮನೆಗಳಲ್ಲಿ ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿರುವುದು ಹೋದವರೊಬ್ಬರಿಗೇ.

ಮರಣ ಪತ್ರದ ವಿಷಯ ಸುಲಭ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಅಪ್ಪ ಬಾಳಿದ್ದು, ಮಣ್ಣಾದದ್ದು ಚನ್ನರಾಯಪಟ್ಟಣದ ಹಳ್ಳಿಯಲ್ಲೇ ಇರಬಹುದು. ಉಸಿರು ನಿಂತದ್ದು ಬೆಂಗಳೂರಿನ ಆಸ್ಪತ್ರೆಯಲ್ಲಾದರೆ ದಾಖಲೆ ಬೆಂಗಳೂರಿನದ್ದೇ. ಊರಿನಲ್ಲಿ ಎಷ್ಟು ಅಲೆದರೂ ಸಿಗುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು, ಮನೆಯಲ್ಲಾದರೆ ಮನೆಯವರು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಸಾವಿನ ಕಾರಣವನ್ನು ಮಾತ್ರ ಆ ಪತ್ರದಲ್ಲಿ ಹಾಕುವಂತಿಲ್ಲ. ಹೋದವರ ಮಾನ ಕಾಯುವ ಈ ನಿಯಮ ನನಗೆ ತುಂಬಾ ಇಷ್ಟ.

ಮರಣ ಪತ್ರಕ್ಕೆ ಹೆಸರು ಬರೆಸುವಾಗ ಆಧಾರ್ ಜೊತೆ ಜಮೀನಿನ ದಾಖಲೆಯಾದ ಪಹಣಿಯನ್ನೂ ನೋಡಿ. ಒಂದರಲ್ಲಿ ಕೃಷ್ಣೇಗೌಡ, ಇನ್ನೊಂದರಲ್ಲಿ ಕಿಟ್ಟೇಗೌಡ ಬಿನ್ ದೊಡ್ಡೇಗೌಡ ಅಂತಿದ್ದರೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸುವಾಗ ಇಬ್ಬರೂ ಒಬ್ಬರೇ ಎಂದು ತೋರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ವಿಲ್ ಹಾಗಲ್ಲ. ನೋಂದಣಿ ಕಡ್ಡಾಯವಿಲ್ಲ, ಛಾಪಾ ಕಾಗದವೂ ಬೇಡ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ, ಇಬ್ಬರು ಸಾಕ್ಷಿಗಳೂ ಸಹಿ ಮಾಡಿದರೆ ನಡೆಯುತ್ತದೆ. ಅಂಥ ಹಾಳೆ ಬೀರುವಿನಲ್ಲೋ, ವಕೀಲರ ಹತ್ತಿರವೋ ಇರುತ್ತದೆ. ನೋಂದಣಿ ಮಾಡಿಸುವುದಾದರೆ ಯಾವ ಸಬ್ ರಿಜಿಸ್ಟ್ರಾರ್ ಆಫೀಸಾದರೂ ಆಗುತ್ತದೆ. ತಿಪಟೂರಿನ ತೆಂಗಿನ ತೋಟದ ವಿಲ್ ಜಯನಗರದಲ್ಲಿ ನೋಂದಣಿಯಾಗಿರಬಹುದು. ಅಲ್ಲಿ ಅದು ವಿಲ್‌ಗಳನ್ನು ದಾಖಲಿಸುವ 3ನೇ ಪುಸ್ತಕಕ್ಕೆ ಹೋಗುತ್ತದೆ. ಕ್ರಯಪತ್ರ, ದಾನಪತ್ರಗಳ 1ನೇ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು, ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಅವು ಕಾಣುತ್ತವೆ. ವಿಲ್ ಅದರಲ್ಲಿ ಬರುವುದಿಲ್ಲ. ಬರೆದವರು ಬದುಕಿರುವವರೆಗೆ ನಕಲು ಸಿಗುವುದು ಅವರಿಗೆ, ಇಲ್ಲವೇ ಅವರು ನೇಮಿಸಿದವರಿಗೆ ಮಾತ್ರ. ಹೋದ ಮೇಲೆ ಮರಣ ಪತ್ರ ಕೊಟ್ಟು ಅರ್ಜಿ ಹಾಕಿದರೆ ಬೇರೆಯವರಿಗೂ ಕೊಡುತ್ತಾರೆ.

ಇನ್ನೊಂದು ದಾರಿ ಹೆಚ್ಚು ಜನಕ್ಕೆ ಗೊತ್ತೇ ಇಲ್ಲ. ವಿಲ್ಲನ್ನು ಲಕೋಟೆಯಲ್ಲಿಟ್ಟು ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಇಡಬಹುದು. 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ಲಕೋಟೆಯ ಮೇಲೆ ಹೆಸರು, ಒಳಗಿರುವುದು ವಿಲ್ ಎಂಬ ವಿವರ ಇರಬೇಕು. ಅದನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬರೆದವರು ತೀರಿಕೊಂಡ ಮೇಲೆ ಯಾರಾದರೂ ಅರ್ಜಿ ಕೊಟ್ಟರೆ ಅವರೆದುರಿಗೇ ಒಡೆದು, 3ನೇ ಪುಸ್ತಕಕ್ಕೆ ನಕಲು ಬರೆಸುತ್ತಾರೆ. ಎಷ್ಟು ಭದ್ರ ನೋಡಿ! ಆದರೆ ಲಕೋಟೆ ಇದೆ ಅಂತಲೇ ಗೊತ್ತಿಲ್ಲದಿದ್ದರೆ ಅರ್ಜಿ ಹಾಕುವವರು ಯಾರು?

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ವಿಲ್ ಸಿಗದೆ ಹೋದರೆ ನಷ್ಟ ಆಗುವುದು ಊರಲ್ಲಿದ್ದು ಖಾತೆ ಮಾಡಿಸಿಕೊಳ್ಳುವ ಮಗನಿಗಲ್ಲ. ಕೊನೆಗಾಲದಲ್ಲಿ ನೋಡಿಕೊಂಡ ಮಗಳಿಗೆ. 'ಇರುವವರೆಗೂ ಈ ಮನೆ ಅವಳದ್ದು' ಅಂತ ಗಂಡ ಬರೆದಿಟ್ಟ ಹೆಂಡತಿಗೆ. ವಿಲ್ ಹೊರಗೆ ಬಂದರೆ ಅಣ್ಣತಮ್ಮಂದಿರು ಜಗಳ ಆಡುತ್ತಾರೆ, ಅದಕ್ಕೇ ಸುಮ್ಮನಿರುವುದು ವಾಸಿ ಅನ್ನುವವರಿದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ. ಅವಳ ಪಾಲು ಹೋದ ಮೇಲೆ ಮನೆ ತಣ್ಣಗಿದ್ದರೆ ಏನು ಬಂತು?

ಸಾವು ದಾಖಲಾಗುವ ಇ-ಜನ್ಮ ತಂತ್ರಾಂಶ ಸರ್ಕಾರದ್ದೇ, ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶವೂ ಸರ್ಕಾರದ್ದೇ. ಪೌತಿ ಖಾತೆಗೆ ಅರ್ಜಿ ಬಂದಾಗ 'ಇವರ ಹೆಸರಿನಲ್ಲಿ ಇಂಥ ಆಫೀಸಿನಲ್ಲಿ, ಇಂಥ ವರ್ಷ ವಿಲ್ ನೋಂದಣಿಯಾಗಿದೆ' ಅಂತ ಎಲ್ಲ ವಾರಸುದಾರರಿಗೂ ಒಂದು ಸಾಲು ತಿಳಿಸುವ ವ್ಯವಸ್ಥೆ ಬರಬೇಕು. ಮೊಹರು ಹಾಕಿ ಇಟ್ಟ ಲಕೋಟೆಗಳಿಗೂ ಇದು ಅನ್ವಯವಾಗಬೇಕು. ಒಳಗೆ ಏನಿದೆ ಅಂತ ಹೇಳುವುದು ಬೇಡ, ಇದೆ ಅಂತ ಹೇಳಿದರೆ ಸಾಕು.

ಅಲ್ಲಿಯವರೆಗೆ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಯಾರಿಗೆ ಏನು ಬರೆದಿದ್ದೀರಿ ಅಂತ ಅಲ್ಲ. ಯಾವ ಆಫೀಸು, ಯಾವ ವರ್ಷ, ದಾಖಲೆ ನಂಬರ್ ಎಷ್ಟು, ಇಷ್ಟೇ. ಅದನ್ನು ಹೆಣ್ಣುಮಕ್ಕಳಿಗೂ ತಿಳಿಸಿ.